ತೀರ್ಮಾನದ ನಂತರದ ಮಾಹಿತಿ ಯಾರಿಗೆ ಬೇಕು?

ಉದ್ಯಾನಕ್ಕೆ ಮೀಸಲಾದ ಜಾಗ ಬೇರೆ ಉದ್ದೇಶಕ್ಕೆ ಹೋಗಬೇಕೇ? ಹೊಸ ಬಡಾವಣೆಗೆ ಯಾವ ಊರಿನ ಜಮೀನು ಬೇಕು? ಕಾರ್ಖಾನೆಗೆ ಅನುಮತಿ ಕೊಡಬೇಕೇ, ಬೇಡವೇ? ಜನಜೀವನವನ್ನು ನೇರವಾಗಿ ತಟ್ಟುವ ಇಂತಹ ಪ್ರಶ್ನೆಗಳು ವಿಧಾನಸಭೆಯವರೆಗೆ ಹೋಗುವುದು ಅಪರೂಪ. ಬಹುತೇಕ ಇವೆಲ್ಲ ಇತ್ಯರ್ಥವಾಗುವುದು ಪ್ರಾಧಿಕಾರ, ಮಂಡಳಿ, ನಿಗಮಗಳ ಸಭಾಕೊಠಡಿಗಳಲ್ಲಿ. ಆ ಸಭೆ ಎಂದು ಸೇರುತ್ತದೆ, ಅದರ ಕಾರ್ಯಸೂಚಿಯಲ್ಲಿ ಏನಿದೆ ಎಂಬುದು ಮಾತ್ರ ಅದರ ಫಲ ಉಣ್ಣಬೇಕಾದ ಜನರಿಗೆ ಮುಂಚಿತವಾಗಿ ತಿಳಿಯುವುದು ಕಡಿಮೆ.

ಮಾಹಿತಿ ಹಕ್ಕು ಕಾಯ್ದೆ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಕೇಂದ್ರದ 2005ರ ಕಾಯ್ದೆಗೂ ಮುನ್ನ, 2000ದಲ್ಲಿಯೇ ಇಂತಹದೊಂದು ಕಾಯ್ದೆಯನ್ನು ರೂಪಿಸಿದ ರಾಜ್ಯ ನಮ್ಮದು ಎಂಬ ಹೆಮ್ಮೆಯೂ ನಮಗಿದೆ. ಆದರೆ ಸಭೆಗಳ ಬಗ್ಗೆ ಕೇಂದ್ರ ಕಾಯ್ದೆಯ 4ನೇ ಕಲಮು ಹೇಳುವುದನ್ನು ಗಮನವಿಟ್ಟು ಓದಬೇಕು. ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಮಂಡಳಿ, ಪರಿಷತ್ತು, ಸಮಿತಿಗಳ ವಿವರವನ್ನು ಪ್ರಕಟಿಸಬೇಕು. ಅವುಗಳ ಸಭೆಗಳು ಸಾರ್ವಜನಿಕರಿಗೆ ಮುಕ್ತವೇ, ನಡಾವಳಿಗಳು ಅವರಿಗೆ ದೊರೆಯುತ್ತವೆಯೇ ಎಂಬುದನ್ನು ತಿಳಿಸಬೇಕು. ಅಷ್ಟೇ. ಸಭೆ ಮುಕ್ತವಾಗಿರಲೇಬೇಕೆಂಬ ಕಟ್ಟಳೆ ಅಲ್ಲಿಲ್ಲ. 'ಮುಕ್ತವಾಗಿಲ್ಲ' ಎಂದು ಒಂದು ಸಾಲು ಬರೆದು ಹಾಕಿದರೂ ಆ ಮಟ್ಟಿಗೆ ಕಾನೂನಿನ ಪಾಲನೆಯಾದಂತೆಯೇ!

ಅರ್ಜಿ ಹಾಕಿದರೆ ಉತ್ತರ ಕೊಡಲು ಅಧಿಕಾರಿಗೆ 30 ದಿನಗಳ ಕಾಲಾವಕಾಶವಿದೆ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30ರಿಂದ 45 ದಿನ. ಬರುವ ವಾರ ನಡೆಯುವ ಸಭೆಯ ಕಾರ್ಯಸೂಚಿ ಈ ದಾರಿಯಲ್ಲಿ ಕೈಸೇರುವ ಹೊತ್ತಿಗೆ ತೀರ್ಮಾನವಾಗಿ, ಆದೇಶ ಹೊರಬಿದ್ದು, ಕಾಮಗಾರಿಯೂ ಆರಂಭವಾಗಿರಬಹುದು. ಆಗ ಉಳಿಯುವುದು ನ್ಯಾಯಾಲಯದ ಮೆಟ್ಟಿಲು ಮಾತ್ರ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು ಪ್ರಜೆಯ ಪಾಡು.

ಮುನ್ಸೂಚನೆ ನೀಡುವುದು ನಮ್ಮ ಆಡಳಿತಕ್ಕೆ ಅಪರಿಚಿತವೇನೂ ಅಲ್ಲ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ, ದರ ನಿಗದಿಗೆ ಮುನ್ನ ಕಂಪೆನಿಯ ಅರ್ಜಿಯ ಸಾರಾಂಶ ಪ್ರಕಟವಾಗಬೇಕು; ಜನರ ಸಲಹೆ, ಆಕ್ಷೇಪಣೆಗಳನ್ನು ಆಯೋಗ ಪರಿಶೀಲಿಸಲೇಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ, ದೊಡ್ಡ ಯೋಜನೆಗಳ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲೇ ಒಂದು ರಾಷ್ಟ್ರೀಯ ಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಈ ಪ್ರಕಟಣೆ ಕೊಡುವ ಹೊಣೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ವಿಚಿತ್ರವೆಂದರೆ, ಅದೇ ಮಂಡಳಿ ಕನಿಷ್ಠ ಮೂರು ತಿಂಗಳಿಗೊಮ್ಮೆ ಸಭೆ ಸೇರಬೇಕೆಂದು ವಿಧಿಸುವ 1974ರ ಜಲ ಕಾಯ್ದೆಯ 8ನೇ ಕಲಮಿನಲ್ಲಿ, ಆ ಸಭೆಯ ಬಗ್ಗೆ ಜನರಿಗೆ ತಿಳಿಸಬೇಕೆಂಬ ಮಾತೇ ಇಲ್ಲ. ಅನ್ಯರ ಯೋಜನೆಗೆ ಒಂದು ನ್ಯಾಯ, ತನ್ನ ಸಭೆಗೆ ಇನ್ನೊಂದು ನ್ಯಾಯ.

ರಾಜಧಾನಿಯ ಅನುಭವ ಈ ಕೊರತೆಯನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಅದರ ಸ್ಥಾನದಲ್ಲಿ ಐದು ಪಾಲಿಕೆಗಳು ಬರುವವರೆಗೂ ಹೊಸ ಸದಸ್ಯರು ಆಯ್ಕೆಯಾಗಲಿಲ್ಲ. 2025-26ನೇ ಸಾಲಿನ 19,900 ಕೋಟಿ ರೂಪಾಯಿಗೂ ಮಿಕ್ಕ ಮುಂಗಡಪತ್ರವನ್ನು ಮಂಡಿಸಿದವರೂ ಅಧಿಕಾರಿಗಳೇ. ಕೌನ್ಸಿಲ್ ಇದ್ದಾಗ ಗದ್ದಲವಾದರೂ ಇರುತ್ತಿತ್ತು. ಆ ಗದ್ದಲದ ಮೂಲಕವೇ ಎಷ್ಟೋ ಸಂಗತಿ ಹೊರಬರುತ್ತಿತ್ತು. ಕಡತದ ಮೇಲೆ ನಡೆಯುವ ಆಡಳಿತಕ್ಕೆ ಸದ್ದೇ ಇಲ್ಲ. ಚುನಾಯಿತರು ಇಲ್ಲದಿರುವಾಗ ಮುನ್ಸೂಚನೆಯ ಅಗತ್ಯ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಬಾಗಿಲು ತೆರೆದರೆ ಅಧಿಕಾರಿಗಳು ಮನಬಿಚ್ಚಿ ಮಾತನಾಡಲಾರರು, ಜಮೀನಿನ ವಿಷಯ ಮೊದಲೇ ತಿಳಿದರೆ ದಲ್ಲಾಳಿಗಳಿಗೆ ಸುಗ್ಗಿಯಾದೀತು ಎಂಬ ಆಕ್ಷೇಪಗಳಿವೆ. ಇವನ್ನು ತಳ್ಳಿಹಾಕುವಂತಿಲ್ಲ. ಆದರೆ ಇವು ಕೆಲವು ವಿಷಯಗಳಿಗೆ ವಿನಾಯಿತಿ ಕೊಡಲು ಕಾರಣವಾಗಬಹುದೇ ಹೊರತು ಎಲ್ಲ ವಿಷಯಗಳನ್ನೂ ಮುಚ್ಚಿಡಲು ಅಲ್ಲ. ಇಷ್ಟಕ್ಕೂ ಜಮೀನಿನ ಸುಳಿವು ದಲ್ಲಾಳಿಗೆ ಹೇಗೋ ಸಿಗುತ್ತದೆ, ಸಿಗದಿರುವುದು ಸಾಮಾನ್ಯನಿಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯ್ದೆಯ ಅನ್ವಯ, ಸ್ಥಳೀಯ ಸಂಸ್ಥೆಗಳು ತಮ್ಮ ಸಾಮಾನ್ಯ ಸಭೆಗೆ 72 ಗಂಟೆ ಮುನ್ನ ಕಾರ್ಯಸೂಚಿಯನ್ನು ಪ್ರಕಟಿಸಬೇಕು. ಸಿಬ್ಬಂದಿ ವಿಚಾರ, ನ್ಯಾಯಾಲಯದ ವ್ಯಾಜ್ಯದಂತಹ ಕೆಲವನ್ನು ಮುಚ್ಚಿದ ಬಾಗಿಲಲ್ಲಿ ಚರ್ಚಿಸಲು ಅಲ್ಲಿಯೂ ಅವಕಾಶವಿದೆ. ಅದಕ್ಕಾಗಿ ಆಡಳಿತವೇನೂ ನಿಂತುಹೋಗಿಲ್ಲ.

ನಮ್ಮಲ್ಲಿ ಇದಕ್ಕೆ ಹೊಸ ಕಾಯ್ದೆಗೆ ಕಾಯಬೇಕಾಗಿಯೂ ಇಲ್ಲ. ಮಹತ್ವದ ನೀತಿ ರೂಪಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ ಅದೇ 4ನೇ ಕಲಮು ಹೇಳುತ್ತದೆ. ಅದರ ಆಶಯವನ್ನು ಹಿಡಿದು ಸರಕಾರ ತನ್ನ ಮಂಡಳಿಗಳಿಗೆ ಒಂದು ಆದೇಶ ಹೊರಡಿಸಿದರೂ ಸಾಕು: ಸಭೆಗೆ ಒಂದು ವಾರ ಮೊದಲು ಕನ್ನಡದಲ್ಲಿ ಕಾರ್ಯಸೂಚಿ, ಸಭೆ ಮುಗಿದು ಹದಿನೈದು ದಿನಗಳೊಳಗೆ ನಡಾವಳಿ, ಯಾವುದಾದರೂ ವಿಷಯವನ್ನು ಗೋಪ್ಯವಾಗಿಟ್ಟರೆ ಅದಕ್ಕೆ ಲಿಖಿತ ಕಾರಣ.

ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ವಿಚಾರಣೆಗಳೇ 2022ರಿಂದ ನೇರಪ್ರಸಾರವಾಗುತ್ತಿವೆ. ಹಳ್ಳಿಗಳಲ್ಲಿ ಗ್ರಾಮಸಭೆಗೆ ಡಂಗುರ ಸಾರುವ ರೂಢಿಯಿದೆ. ಮೇಲೂ ಇರುವ, ಕೆಳಗೂ ಇರುವ ಈ ಮರ್ಯಾದೆ ನಡುವಿನ ಮಂಡಳಿಗಳಿಗೆ ಮಾತ್ರ ಏಕೆ ಬೇಡ? ತೀರ್ಮಾನವಾದ ಮೇಲೆ ಸಿಗುವ ಮಾಹಿತಿ ದಾಖಲೆಯಷ್ಟೇ. ಅದಕ್ಕೆ ಮುನ್ನ ಸಿಕ್ಕಾಗಲೇ ಅದು ಹಕ್ಕು.