ಒಂದು ಎಕರೆಗೆ ಎಷ್ಟು ಕೈ?

ಕೊಪ್ಪಳ ಜಿಲ್ಲೆಯ ನವಲಿ ಹೆಸರು ನೀವು ಕೇಳಿದ್ದರೆ ಬಹುಶಃ ಜಲಾಶಯದ ಸುದ್ದಿಯಲ್ಲೇ ಕೇಳಿರುತ್ತೀರಿ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಅದಕ್ಕೇ ನವಲಿ ಬಳಿ ಸಮತೋಲನ ಜಲಾಶಯದ ಪ್ರಸ್ತಾಪ. ಚರ್ಚೆಯಲ್ಲಿ ಟಿಎಂಸಿ, ಎಕರೆ, ಕೋಟಿ ಎಲ್ಲಾ ಬರುತ್ತೆ. ಎಷ್ಟು ಜನರ ಕೂಲಿ ಅನ್ನೋ ಲೆಕ್ಕ ಬರೋದು ಅಪರೂಪ.

ಅದಕ್ಕೂ ಒಂದು ಅಳತೆ ಇದೆ. ಒಂದು ವಲಯದಲ್ಲಿ ಇಷ್ಟು ರೂಪಾಯಿಯ ಉತ್ಪಾದನೆಗೆ ಎಷ್ಟು ಜನರ ದುಡಿಮೆ ಬೇಕು? ಅದೇ ಶ್ರಮ ಸಾಂದ್ರತೆ. ಹೇಳೋದು ಸುಲಭ, ಅಳೆಯೋದು ಕಷ್ಟ.

ಎಡದಂಡೆ ಕಾಲುವೆ ಕೆಳಗಿನ ಭತ್ತವನ್ನೇ ತಗೊಳ್ಳಿ. ಸಸಿ ಹಚ್ಚೋಕೆ ಹೆಂಗಸರ ಗುಂಪು ಬೇಕು, ದಿನವಿಡೀ ಕೆಸರಲ್ಲಿ ಬಗ್ಗಿ. ಲೆಕ್ಕಕ್ಕೆ ಎಕರೆಗೆ ಹತ್ತು ಆಳು ಅಂತಿಟ್ಟುಕೊಳ್ಳೋಣ. ಕಟಾವಿಗೆ ಮಷಿನ್ ಬಂದರೆ ಇಬ್ಬರು ಮೂವರು ಸಾಕು, ಗಂಟೆ ಎರಡು ಗಂಟೆಯಲ್ಲಿ ಕೆಲಸ ಮುಗೀತು. ಒಂದೇ ಗದ್ದೆ, ಒಂದೇ ಬೆಳೆ. 'ಕೃಷಿ' ಅಂತ ಒಂದೇ ಸಾಲಲ್ಲಿ ಸರಾಸರಿ ಬರೆದರೆ ಈ ವ್ಯತ್ಯಾಸವೇ ಮಾಯ. ತಲೆ ಎಣಿಸಿದರೂ ತಪ್ಪೇ: ಹದಿನೈದು ದಿನ ನಾಟಿಗೆ ಹೋದವಳೂ ವರ್ಷಪೂರ್ತಿ ಮಿಲ್ಲಿನಲ್ಲಿರುವವನೂ ಒಂದೊಂದು ತಲೆ. ಎಣಿಸಬೇಕಾದ್ದು ಮಾನವ ದಿನಗಳನ್ನ.

ಇನ್ನೊಂದು ತಮಾಷೆ. ಭತ್ತದ ರೇಟು ಏರಿದರೆ, ಒಬ್ಬ ಆಳೂ ಕಡಿಮೆಯಾಗದೆ ಶ್ರಮ ಸಾಂದ್ರತೆ ಇಳಿದಂತೆ ಕಾಣುತ್ತೆ! ಭಾಗಿಸುವ ರೂಪಾಯಿ ದೊಡ್ಡದಾಯ್ತು, ಅಷ್ಟೇ. ಹಾಗಾಗಿ ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಬೆಲೆಯೇರಿಕೆ ಕಳೆದು ನೋಡಬೇಕು.

ಗಂಗಾವತಿ, ಕಾರಟಗಿಯ ರೈಸ್ ಮಿಲ್‌ಗಳಲ್ಲಿ, ಗಿಣಿಗೇರಾ ಕಡೆಯ ಉಕ್ಕಿನ ಕಾರ್ಖಾನೆಗಳಲ್ಲಿ ಹೆಚ್ಚಿನ ಭಾರ ಹೊರೋದು ಯಂತ್ರ. ಇವುಗಳ ಅಂಕಿ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಲ್ಲಿ ಸಿಗುತ್ತೆ. ಆದರೆ ಅದು ನೋಡೋದು ಮುಖ್ಯವಾಗಿ ನೋಂದಾಯಿತ ಕಾರ್ಖಾನೆಗಳನ್ನ. ಮನೆಯಲ್ಲೇ ಕೂತು ಹಗುರ ಮರ ಕೆತ್ತಿ, ಬಣ್ಣ ಹಚ್ಚುವ ಕಿನ್ನಾಳದ ಕುಶಲಕರ್ಮಿ ಅದರಲ್ಲಿಲ್ಲ. ಜಿಲ್ಲೆಯಲ್ಲಿ ಕೈಕೆಲಸವೇ ಹೆಚ್ಚಿರುವ ಕಸುಬು, ಲೆಕ್ಕದ ಹೊರಗೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದಾಗ ಎಲ್ಲರೂ ಮಾತಾಡಿದ್ದು ಎಷ್ಟು ಟಿಎಂಸಿ ಹೋಯ್ತು, ಎರಡನೇ ಬೆಳೆ ಏನಾಗುತ್ತೆ ಅಂತ. ನೀರಿಲ್ಲದಿದ್ದರೆ ರೈತನಿಗೆ ನಷ್ಟ, ಸರಿ. ಮಿಲ್ಲಿನವರು ಬೇರೆ ಕಡೆಯಿಂದ ಭತ್ತ ತರಿಸಬಹುದು. ಸಸಿ ಹಚ್ಚುವವಳಿಗೆ ಮಾತ್ರ ಆ ಹದಿನೈದು ದಿನದ ಕೂಲಿ ಮುಂದಿನ ತಿಂಗಳು ಸಿಗಲ್ಲ. ನವಲಿ ಜಲಾಶಯದಿಂದ ಎಷ್ಟು ಎಕರೆಗೆ ಎರಡನೇ ಬೆಳೆ, ಎಷ್ಟು ಎಕರೆ ಮುಳುಗಡೆ ಅಂತ ಪಟ್ಟಿ ಮಾಡುವವರು, ಎರಡರ ಪಕ್ಕದಲ್ಲೂ ಮಾನವ ದಿನಗಳನ್ನ ಬರೆಯಲಿ. ಮುಳುಗುವ ಗದ್ದೆಯಲ್ಲೂ ಯಾರೋ ಕೂಲಿ ಮಾಡ್ತಿರ್ತಾರೆ. ಜಮೀನು ಅವರ ಹೆಸರಲ್ಲಿ ಇಲ್ಲದಿದ್ದರೆ ಭೂಪರಿಹಾರದ ಚೆಕ್ಕೂ ಅವರ ಹೆಸರಿಗೆ ಬರಲ್ಲ.