ಹನ್ನೊಂದು ಶಾಲುಗಳು

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ದೊರೆತ ಸನ್ಮಾನದ ಶಾಲುಗಳು ಹನ್ನೊಂದು. ಮೊನ್ನೆ ಕಪಾಟನ್ನು ಶುಚಿಗೊಳಿಸುವಾಗ ಒಂದೊಂದನ್ನೇ ಬಿಡಿಸಿ ನೋಡಿದೆ. ಹನ್ನೊಂದೂ ಯಂತ್ರದಲ್ಲಿ ನೇಯ್ದ ಮಿರುಗುವ ಬಟ್ಟೆಗಳು. ಕೈಮಗ್ಗದ್ದು ಒಂದೂ ಇಲ್ಲ. ಇವನ್ನು ಹೊದೆಸಿದ ಪ್ರತಿ ಸಭೆಯಲ್ಲಿಯೂ ‘ನಮ್ಮ ಮಣ್ಣಿನ ಸಂಸ್ಕೃತಿ ಉಳಿಯಬೇಕು’ ಎಂಬ ಭಾಷಣವಿತ್ತು. ಭಾಷಣಕಾರರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದನ್ನು ಮುಚ್ಚಿಡಲಾರೆ.

ಒಳ್ಳೆಯ ಕೆಲಸವನ್ನು ಹೊಗಳುವುದೇ ಅದಕ್ಕೆ ಕೊಡುವ ಬೆಂಬಲವೆಂದು ನಾವು ತಿಳಿದಿದ್ದೇವೆ. ಇದು ಶುದ್ಧ ಆತ್ಮವಂಚನೆ.

ಉಡುಪಿ ಸೀರೆಯನ್ನೇ ನೋಡಿ. ಹತ್ತಿಯ ನೂಲಿನ, ಹಗುರವಾದ, ನಮ್ಮ ಕರಾವಳಿಯ ಸೆಕೆಗೆ ಹೇಳಿ ಮಾಡಿಸಿದ ಉಡುಗೆ. ನಮ್ಮ ತಾಯಂದಿರು ಗದ್ದೆಗೂ ಗುಡಿಗೂ ಇಂತಹ ಸೀರೆಯನ್ನೇ ಉಟ್ಟು ಹೋದವರು. 2016ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆದರೆ ಅಷ್ಟರಲ್ಲಿ ಮಗ್ಗದ ಮುಂದೆ ಉಳಿದಿದ್ದವರು ಬೆರಳೆಣಿಕೆಯ ವೃದ್ಧರು. ಅಂತಹ ಹೊತ್ತಿನಲ್ಲಿ ಕಾರ್ಕಳದ ಕದಿಕೆ ಟ್ರಸ್ಟ್ ತಾಳಿಪಾಡಿ ನೇಕಾರರ ಸಹಕಾರಿ ಸಂಘದ ಜೊತೆಗೂಡಿ ಮಗ್ಗಗಳಿಗೆ ಮತ್ತೆ ಜೀವ ತುಂಬಲು ಹೊರಟಿತು. ಅಡಿಕೆಯ ಚೊಗರಿನ ಬಣ್ಣವೂ ಸೀರೆಗೆ ಏರಿತು. ಪತ್ರಿಕೆಗಳಲ್ಲಿ ಓದಿ ಸಂತೋಷಪಟ್ಟೆವು. ಎಷ್ಟು ಮಂದಿ ಒಂದು ಸೀರೆ ಕೊಂಡೆವು?

‘ಕೈಮಗ್ಗದ್ದು ದುಬಾರಿ ಮಾಷ್ಟ್ರೇ, ಮಾರುಕಟ್ಟೆಯಲ್ಲಿ ನಿಲ್ಲಲಾರದ್ದು ಹೋಗಲಿ ಬಿಡಿ’ ಎಂದು ಹೇಳುವ ಹಿರಿಯ ಮಿತ್ರರಿದ್ದಾರೆ. ಮಾರುಕಟ್ಟೆಯೆಂದರೆ ಯಾರು? ಮದುವೆಯ ಊಟಕ್ಕೆ, ಚಪ್ಪರಕ್ಕೆ ಲಕ್ಷಗಟ್ಟಲೆ ಸುರಿದು, ನೇಕಾರನ ಕೂಲಿಯ ಮುಂದೆ ಮಾತ್ರ ಲೆಕ್ಕದ ಪುಸ್ತಕ ತೆರೆಯುವ ನಾವೇ ಅಲ್ಲವೇ?

ಕೊಳ್ಳುವವರಿದ್ದರೆ ಏನಾಗುತ್ತದೆಂಬುದನ್ನು ಕಾಪು ತಾಲೂಕಿನ ಮಟ್ಟು ಗ್ರಾಮ ತೋರಿಸಿದೆ. ವಾದಿರಾಜರು ಕೊಟ್ಟ ಬೀಜವೆಂದು ಜನ ನಂಬಿರುವ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಬಂತು. ಬಿಟಿ ಬದನೆಗಾಗಿ ಆರಿಸಿಕೊಂಡ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು; ಇಲ್ಲಿನ ಬೆಳೆಗಾರರು ವಿರೋಧಿಸಿದರು. 2010ರ ಫೆಬ್ರವರಿ 9ರಂದು ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಘೋಷಿಸಿದರು. ಬೇರೆ ಬದನೆಯನ್ನು ಗುಳ್ಳವೆಂದು ಮಾರುವವರು ಹುಟ್ಟಿಕೊಂಡಾಗ ಬೆಳೆಗಾರರು ಕಾಯಿಗೆ ತಮ್ಮ ಸಂಘದ ಚೀಟಿ ಅಂಟಿಸಿದರು. ಇಷ್ಟೆಲ್ಲಕ್ಕೂ ಬಲ ಬಂದದ್ದು ಮಟ್ಟುಗುಳ್ಳದ ಹುಳಿಯೇ ಬೇಕೆಂದು ಹಟ ಹಿಡಿದ ನಾಲಗೆಗಳಿಂದ. ಕಾಯಿದೆ ಹೆಸರನ್ನು ಕಾಯಬಲ್ಲದು. ಬೆಳೆಯುವವನನ್ನು ಕಾಯುವುದು ಕೊಳ್ಳುವವನ ಚೀಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿ ಪರಂಪರೆಯ ಗ್ರಾಮವನ್ನೇ ಕಟ್ಟಿದರು. 2017ರಲ್ಲಿ ಅವರು ತೀರಿಕೊಂಡಾಗ ಎಲ್ಲರೂ ಕಂಬನಿ ಮಿಡಿದೆವು. ಅಲ್ಲಿನ ಕಂಬಗಳ ಕೆತ್ತನೆಗೆ ಬೆರಗಾಗಿ ಬಂದವರೇ ಮರುವರ್ಷ ತಮ್ಮ ಗುತ್ತಿನ ಮನೆಯ ಕಂಬಗಳನ್ನು ಮಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾರಂತರು, ಹರಿದಾಸ ಭಟ್ಟರು ಕಟ್ಟಿದ ಉಡುಪಿಯ ಯಕ್ಷಗಾನ ಕೇಂದ್ರದ ಬಗ್ಗೆಯೂ ನಮಗೆ ಅಪಾರ ಅಭಿಮಾನ. ನಮ್ಮ ಮೊಮ್ಮಗ ಮಾತ್ರ ಟ್ಯೂಷನ್ ತಪ್ಪಿಸಿ ತಾಳ ಕಲಿಯಬಾರದು!

ಓದುಗ ಮಿತ್ರರೇ, ನಾನು ತ್ಯಾಗವನ್ನು ಕೇಳುತ್ತಿಲ್ಲ. ನಿಮ್ಮ ಸಂಘದ ಮುಂದಿನ ಸಮಾರಂಭದ ಖರ್ಚುವೆಚ್ಚದ ಪಟ್ಟಿ ಸಿದ್ಧವಾಗುವಾಗ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಶಾಲು ಎಲ್ಲಿಯದು?

ನನ್ನ ಮಟ್ಟಿಗೆ ಇನ್ನು ಹನ್ನೆರಡನೆಯ ಶಾಲು ಬೇಡ. ಅಷ್ಟೂ ಗೌರವ ತೋರಲೇಬೇಕೆಂದಿದ್ದರೆ ನನ್ನ ಮಡದಿಗೊಂದು ಉಡುಪಿ ಸೀರೆ ಕೊಡಿ. ಅವಳು ಅದನ್ನು ಕಪಾಟಿನಲ್ಲಿಡುವುದಿಲ್ಲ, ಉಡುತ್ತಾಳೆ.