ಸಂಬಳದ ಕಾಗದದಲ್ಲಿಲ್ಲದ ಸೊಪ್ಪಿನ ಲೆಕ್ಕ

ಕನಕಪುರ, ಮಾಗಡಿಯ ಬೆಟ್ಟದೂರುಗಳಲ್ಲಿ ಓದಿದ ಮಕ್ಕಳೆದುರು ಇರುವ ಪ್ರಶ್ನೆ ಒಂದೇ: ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸ ಸಿಕ್ಕಿದೆ, ಹೋಗಬೇಕೇ, ಬೇಡವೇ? "ಈ ಮಣ್ಣಿನಲ್ಲೇನಿದೆ, ಹೊರಡು" ಎನ್ನುತ್ತಾರೆ ಹಿರಿಯರು. ಅದು ಅರ್ಧ ಲೆಕ್ಕ.

ರೇಷ್ಮೆಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಶೇ. 80ರಷ್ಟನ್ನು ನಾಲ್ಕನೆಯ ಜ್ವರದಿಂದೆದ್ದ ಮೇಲಿನ ಏಳೆಂಟು ದಿನಗಳಲ್ಲೇ ತಿನ್ನುತ್ತದೆ. ಆಗ ಸೊಪ್ಪು ಕೊಯ್ಯಲು, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡಲು ಮನೆಯ ಎಳೆಯ ಕೈಗಳೇ ಬೇಕು. ಮಗನೋ ಮಗಳೋ ದೂರ ಹೋದರೆ ವಯಸ್ಸಾದ ತಂದೆತಾಯಿ ಹುಳು ಮೇಯಿಸುವುದನ್ನು ನಿಲ್ಲಿಸುತ್ತಾರೆ. ಹಿಪ್ಪುನೇರಳೆ ತೋಟ ಬೀಳುಬೀಳುತ್ತದೆ. ಆ ಹೊಲಕ್ಕೆ ನಿವೇಶನದ ದಲ್ಲಾಳಿ ಬರುತ್ತಾನೆ. ಆದ್ದರಿಂದ ಸಂಬಳದಲ್ಲಿ ನಗರದ ಬಾಡಿಗೆ, ಊಟ, ಪ್ರಯಾಣವನ್ನು ಕಳೆಯಿರಿ. ಊರಿನಲ್ಲಿ ನಿಂತುಹೋಗುವ ಗೂಡಿನ ಲಾಭ, ರಾಗಿ, ಹಾಲಿನ ಬೆಲೆಯನ್ನೂ ಕಳೆಯಿರಿ. ಉಳಿದದ್ದೇ ನಿಜವಾದ ಸಂಬಳ.

ರಾಮನಗರ 2007ರಲ್ಲಿ ಜಿಲ್ಲೆಯಾಯಿತು. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು. ಹೆಸರಿನಿಂದ ನೆಲದ ಬೆಲೆ ಏರೀತು. ದುಡಿಮೆಗೆ ಬೆಲೆ ಬಾರದು. ರೇಷ್ಮೆಗೂಡಿಗೆ, ಚನ್ನಪಟ್ಟಣದ ಬೊಂಬೆಗೆ ನಂಬಬಹುದಾದ ಬೆಲೆ ಕೊಡಿಸದೆ, ಯುವಕರು ಊರು ಬಿಡುತ್ತಿದ್ದಾರೆಂದು ಆಳುವವರು ಮರುಗುವುದು ಬೂಟಾಟಿಕೆ.

ಹೋಗಬೇಡಿ ಎನ್ನುವ ಅಧಿಕಾರ ನನಗಿಲ್ಲ. ಓದಿಗಾಗಿ ನಾನೂ ಊರು ಬಿಟ್ಟಿದ್ದವನೇ. ಸಾಲ ತೀರಿಸಲು ಹೋಗಲೇಬೇಕಾದವರು ಹೋಗಲಿ. ಆದರೆ ಹೊರಡುವ ಮುನ್ನ ಮನೆಮಂದಿಯೆಲ್ಲ ಕುಳಿತು ಲೆಕ್ಕ ಬರೆಯಿರಿ. ಹೋದ ಮೇಲೂ ಭೂಮಿಯನ್ನು ಮಾರಬೇಡಿ. ಕಳೆದುಕೊಂಡ ಕೆಲಸ ಇನ್ನೊಂದೆಡೆ ಸಿಕ್ಕೀತು. ಮಾರಿದ ಹೊಲ ಮರಳಿ ಬಾರದು.